ಮೊದಲ ಪಿನ್ನಿನ ವಿಭೂತಿ

ಕೀರ್ತನಾಗೆ ಒಂದು ಕೆಟ್ಟ ಚಟ. ಕೈಗೆ ಸಿಕ್ಕ ವಸ್ತು ಎಲ್ಲಿಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಎಂದು ತಿಳಿಯದಿದ್ದರೆ ಊಟ ಸೇರುತ್ತಿರಲಿಲ್ಲ. ಅಂಥವಳಿಗೆ ಕಾಮಾಕ್ಷಿಪಾಳ್ಯದ ಗಿರಿರಾಜ್ ಅವರ ವರ್ಕ್‌ಶಾಪಿನಲ್ಲಿ ಸಿಕ್ಕಿದ್ದು ಎಂಥ ಕೆಲಸ ನೋಡಿ. ಬೆರಳುದ್ದದ ಉಕ್ಕಿನ ಪಿನ್ನುಗಳನ್ನು ಅಳೆಯುವುದು. ಸರಿಯಿದ್ದರೆ ಕಾಗದಕ್ಕೆ ಸಹಿ ಹಾಕಿ ಕಳಿಸುವುದು, ಕೂದಲೆಳೆಯಷ್ಟು ತಪ್ಪಿದ್ದರೂ ಕೆಂಪು ಡಬ್ಬಿಗೆ ಹಾಕುವುದು. ಕೆಂಪು ಡಬ್ಬಿಗೆ ಬಿದ್ದದ್ದು ಗುಜರಿಗೆ, ಸಹಿ ಬಿದ್ದದ್ದು ಹೊರದೇಶದ ಯಾವುದೋ ದೊಡ್ಡ ವಿಮಾನ ಕಂಪನಿಗೆ. ಅಲ್ಲಿ ಅದು ಯಾವುದಕ್ಕೆ ಬಳಕೆ? ಡ್ರಾಯಿಂಗ್ ಹಾಳೆಯಲ್ಲಿ ಬರೀ ನಂಬರು.

"ಸಾರ್, ಇದು ಎಲ್ಲಿ ಕೂರುತ್ತೆ?" ಎಂದು ಕೇಳಿದರೆ ಗಿರಿರಾಜ್ ತಲೆಯೆತ್ತುತ್ತಲೂ ಇರಲಿಲ್ಲ.

"ಅವರು ಹೇಳಲ್ಲ, ನಾವು ಕೇಳಲ್ಲ. ನೀನು ಅಳತೆ ನೋಡಮ್ಮ."

ಮೂರು ವರ್ಷದಿಂದ ಇದೇ ಉತ್ತರ. ಗೊತ್ತಿಲ್ಲದ್ದಕ್ಕೆ ಸಹಿ ಹಾಕುತ್ತಿದ್ದೇನೆ ಎನ್ನುವುದು ಹಲ್ಲಿನ ಸಂದಿಗೆ ಸಿಕ್ಕಿದ ಮಾವಿನ ನಾರಿನಂತೆ ಅವಳನ್ನು ಕಾಡುತ್ತಿತ್ತು.

ಉಕ್ಕು ಕಡೆದು ಪಿನ್ನು ಮಾಡುವ ಲೇತ್ ನಡೆಸುವ ಶಿವಬಸಪ್ಪನವರಿಗೆ ಅಂಥ ಅನುಮಾನವೇ ಇರಲಿಲ್ಲ. ವಿಮಾನದ ಕಂಪನಿ ಅಂದಮೇಲೆ ವಿಮಾನದ ಪಿನ್ನು, ಅಷ್ಟೇ. ಪ್ರತಿ ಲಾಟಿನ ಮೊದಲ ಪಿನ್ನನ್ನು ತೊಳೆದು, ವಿಭೂತಿ ಹಚ್ಚಿ, ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. "ಒಳಗೆ ಕೂತೋರು ಸುಖವಾಗಿ ಇಳೀಲಿ ಅಂತ ಕಣಮ್ಮ." ಹಿರಿಯರಿಗೆ ಬೇಡ ಅನ್ನಲು ಕೀರ್ತನಾಗೆ ಬಾಯಿ ಬರಲಿಲ್ಲ. ಬಟ್ಟೆಯಲ್ಲಿ ಒರೆಸಿ ಪ್ಯಾಕ್ ಮಾಡಿಸುತ್ತಿದ್ದಳು. ಪಿನ್ನಿನ ತುದಿಯಲ್ಲಿ ಸೂಜಿ ಗಾತ್ರದ ಒಂದು ತೂತಿದೆ, ಅದರೊಳಗೆ ಬಟ್ಟೆ ಹೋಗುವುದಿಲ್ಲ ಎನ್ನುವುದು ಇಬ್ಬರಿಗೂ ಹೊಳೆದಿರಲಿಲ್ಲ.

ಹೊರದೇಶದವರಿಗೆ ಹೊಳೆಯಿತು. ಸೋಮವಾರ ಬೆಳಿಗ್ಗೆ ದೂರು ಬಂತು: ತೂತಿನಲ್ಲಿ ಬಿಳಿ ಪುಡಿ, ಹೇಗೆ ಬಂತೆಂದು ಬರೆದು ತಿಳಿಸಿ.

"ಲ್ಯಾಬಲ್ಲಿ ಟೆಸ್ಟ್ ಬೇರೆ ಮಾಡ್ಸಿದಾರೆ. ಹಸುವಿನ ಸಗಣಿ ಸುಟ್ಟ ಬೂದಿಯಂತೆ," ಎಂದು ಗಿರಿರಾಜ್ ತಲೆಯ ಮೇಲೆ ಕೈಹೊತ್ತು ಕೂತರು. "ಏನಂತ ಬರೀತೀಯ ಈಗ?"

ಕೀರ್ತನಾಳ ಕಣ್ಣು ದೂರಿನ ಜೊತೆ ಬಂದ ಫೋಟೊದ ಮೇಲಿತ್ತು. ಇಷ್ಟು ವರ್ಷ ಬಚ್ಚಿಟ್ಟಿದ್ದನ್ನು, ಪುಡಿ ತೋರಿಸುವ ಭರದಲ್ಲಿ ಅವರೇ ಕಳಿಸಿಬಿಟ್ಟಿದ್ದರು. ಸುಳ್ಳೇಕೆ, ಅವಳಿಗೆ ಖುಷಿಯೇ ಆಯಿತು. ದೊಡ್ಡದು ಮಾಡಿ ನೋಡಿದಳು. ಅವಳ ಪಿನ್ನು ಮಡಚುವ ಒಂದು ಪುಟ್ಟ ರೆಕ್ಕೆಯ ಕೀಲಿನಲ್ಲಿ ಕೂತಿತ್ತು. ರೆಕ್ಕೆ ಇದ್ದದ್ದು ಉದ್ದನೆಯ ಒಂದು ಕೊಳವೆಗೆ. ಆ ಕೊಳವೆಗೆ ಕಿಟಕಿಯಿಲ್ಲ, ಚಕ್ರವೂ ಇಲ್ಲ. ಹಿಂದಿದ್ದ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಮಿಸೈಲ್ ಎಂದಿತ್ತು, ಅದರ ಕೆಳಗೆ ಅದನ್ನು ಕೊಂಡ ದೇಶದ ಹೆಸರು. ಮಾಡಿದವರದು ಒಂದು ದೇಶ, ಕೊಂಡವರದು ಇನ್ನೊಂದು. ಆ ಇನ್ನೊಂದರ ಹೆಸರು ಟಿವಿ ಸುದ್ದಿಯಲ್ಲಿ ಉರುಳಿದ ಮನೆಗಳ ಜೊತೆ ದಿನಾ ಬರುತ್ತಿತ್ತು. ಅವಳ ಖುಷಿ ಅಲ್ಲಿಗೇ ಇಂಗಿತು.

ಪೂಜೆಯ ಬೂದಿ, ಇನ್ನು ಹಚ್ಚುವುದಿಲ್ಲ ಎಂದು ಉತ್ತರ ಬರೆದು, ಲೇತ್ ಹತ್ತಿರ ಹೋದಳು.

"ಅಣ್ಣ, ವಿಭೂತಿ ನಿಲ್ಲಿಸ್ಬೇಕು."

"ಆಗ್ಲಮ್ಮ. ಯಾವ ವಿಮಾನ ಅಂತ ಗೊತ್ತಾಯ್ತಾ?"

ಮೊಬೈಲಿನಲ್ಲಿ ಫೋಟೊ ತೋರಿಸಿದಳು. "ಇದರೊಳಗೆ ಯಾರೂ ಕೂರಲ್ಲ ಅಣ್ಣ. ಇದು ಇಳಿಯಲ್ಲ, ಬೀಳುತ್ತೆ."

ಅವತ್ತು ಶಿವಬಸಪ್ಪನವರ ಊಟದ ಡಬ್ಬಿ ತೆರೆಯದೆ ಮನೆಗೆ ಹೋಯಿತು.

ಗುರುವಾರ ಹೊಸ ಲಾಟು, ನೂರು ಪಿನ್ನು. ಮೇಜಿಗೆ ಬಂದ ಮೊದಲನೆಯದರ ಮೇಲೆ ವಿಭೂತಿ ಎಂದಿಗಿಂತ ದಪ್ಪಗಿತ್ತು.

"ಅಣ್ಣ, ಬೇಡ ಅಂದಿದ್ನಲ್ಲ."

"ಒಳಗೆ ಯಾರೂ ಇರಲ್ಲ, ಸರಿ. ಬೀಳೋ ಕಡೆ ಇರ್ತಾರಲ್ಲಮ್ಮ."

ಕೀರ್ತನಾ ಪಿನ್ನನ್ನು ಅಳೆದಳು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಬಟ್ಟೆ ಕೈಯಲ್ಲೇ ಇತ್ತು, ಒರೆಸಲಿಲ್ಲ. ವಿಭೂತಿ ಸಮೇತ ಅದನ್ನು ಕೆಂಪು ಡಬ್ಬಿಗೆ ಹಾಕಿದಳು. ಉಳಿದ ತೊಂಬತ್ತೊಂಬತ್ತನ್ನೂ ಒಂದೊಂದಾಗಿ ಅಳೆದಳು. ಎಲ್ಲವೂ ಸರಿಯಿದ್ದವು. ಆಮೇಲೆ ಸಹಿಯ ಕಾಗದ, ಪೆನ್ನು ಎರಡನ್ನೂ ಒಯ್ದು ಗಿರಿರಾಜ್ ಅವರ ಮುಂದಿಟ್ಟಳು.

"ಸಹಿ ನೀವೇ ಹಾಕಿ ಸಾರ್. ಇದು ಎಲ್ಲಿ ಕೂರುತ್ತೆ ಅಂತ ನಂಗೆ ಗೊತ್ತಾಗಿದೆ."