ಪಾಲಿನ ಕುರಿ

ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ನನ್ನ ಗಂಡ ಧರ್ಮಪ್ಪ ತಮ್ಮ ಅಕ್ಕನಿಗೆ ಒಂದು ಮಾತು ಕೊಟ್ಟರು. ಹೆಸರಿಡುವುದು ಸೋದರತ್ತೆಯ ಹಕ್ಕು. ಅತ್ತಿಗೆ ಈಶ್ವರಮ್ಮ ಕೂಸಿನ ಕಿವಿಯಲ್ಲಿ ಸುಷ್ಮಿತಾ ಎಂದು ಉಸುರಿ, ಸುತ್ತ ನಿಂತ ಹೆಂಗಸರಿಂದ ಬೆನ್ನಿಗೆ ಗುದ್ದಿಸಿಕೊಂಡು, ನಗುನಗುತ್ತಲೇ ತಮ್ಮನ ಕಡೆ ತಿರುಗಿದರು.

"ಹೆಸರೇನೋ ಇಟ್ಟೆ. ಇನ್ನು ಕೂಸು ಯಾರ್ದೋ?"

ಅವರ ಮಗ ಚೌಡೇಶ ಆಗಿನ್ನೂ ಸಣ್ಣವನು. ತೊಟ್ಟಿಲ ಹಗ್ಗ ಹಿಡಿದು ಜೋತಾಡುತ್ತಿದ್ದ. ನನ್ನ ಗಂಡ ಅವನನ್ನೂ ಕೂಸನ್ನೂ ನೋಡಿ, "ನಿಂದೇ ಅಕ್ಕ. ನಿನ್ನ ಮನೆ ಸೊಸೆ" ಎಂದರು. ಎಲ್ಲರೂ ನಕ್ಕರು. ಅತ್ತಿಗೆ ಮಾತ್ರ ನಗುವುದನ್ನು ನಿಲ್ಲಿಸಿ, "ಈ ಮಾತು ಮರೀಬೇಡ" ಎಂದರು.

ಮರೆಯುವಂಥ ಅಕ್ಕ ಅವರಲ್ಲ. ತಾಯಿ ಸತ್ತಾಗ ನನ್ನ ಗಂಡನಿಗೆ ಇನ್ನೂ ಹಾಲು ಬಿಡಿಸಿರಲಿಲ್ಲವಂತೆ. ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅಕ್ಕನೇ. ಸೊರಬದ ಹೊಸಬಾಳೆಗೆ ಮದುವೆಯಾಗಿ ಹೋದ ಮೇಲೂ ತಮ್ಮನ ಹೊಟ್ಟೆಯ ಚಿಂತೆ ಬಿಡಲಿಲ್ಲ. ಆ ಕಡೆಯ ಮಳೆಗೆ ಕುರಿ ತಡೆಯುವುದಿಲ್ಲ, ಗೊರಸು ಕೊಳೆತು ಕುಂಟುತ್ತವೆ. ಶಿಕಾರಿಪುರದ ಈಚೆಗಿರುವ ನಮ್ಮೂರಿನ ನೆಲ ಒಣ. ಹಾಗಾಗಿ ತಮ್ಮ ಕುರಿಗಳನ್ನೆಲ್ಲ ಇವರ ಹತ್ತಿರ ಪಾಲಿಗೆ ಬಿಟ್ಟರು. ಕುರಿ ಅವರದು, ಕಾಯುವುದು ನಾವು. ಮೂರು ದೀಪಾವಳಿಗೊಮ್ಮೆ, ಅಷ್ಟರಲ್ಲಿ ಹುಟ್ಟಿದ ಮರಿಗಳಲ್ಲಿ ಅರ್ಧ ನಮಗೆ. ನಡುವೆ ಕೈಬಿಟ್ಟವನಿಗೆ ಏನೂ ಇಲ್ಲ. ಇದು ಕಾಗದದ ಕರಾರಲ್ಲ, ಹಿಂದಿನಿಂದ ನಡೆದುಬಂದದ್ದು. ಹೋದ ಸಲದ ಪಾಲು ಇವರ ಹರ್ನಿಯಾ ಆಪರೇಷನ್ನಿಗೂ ಮನೆಯ ಹೆಂಚಿಗೂ ಕರಗಿಹೋಯಿತು. ಮುಂದಿನ ಪಾಲು ಈ ದೀಪಾವಳಿಗೆ ಆಗಬೇಕಿತ್ತು.

ಪ್ರತಿ ಯುಗಾದಿಗೆ ಅತ್ತಿಗೆ ಸುಷ್ಮಿತಾಗೆ ಹಸಿರು ಬಳೆ ಕಳಿಸುತ್ತಿದ್ದರು. ಅಳತೆ ಕೇಳುತ್ತಿರಲಿಲ್ಲ. ಆದರೂ ಒಂದು ವರ್ಷವೂ ಬಿಗಿಯಾಗಲಿಲ್ಲ, ಸಡಿಲವೂ ಆಗಲಿಲ್ಲ. ನಾನು ಅಂಗನವಾಡಿ ಕಾರ್ಯಕರ್ತೆ. ಊರಿನ ಎಲ್ಲ ಮಕ್ಕಳ ತೂಕ, ಎತ್ತರ, ತೋಳಿನ ಸುತ್ತಳತೆ ನನಗೆ ಗೊತ್ತು. ನನ್ನ ಮಗಳ ಕೈ ಎಷ್ಟು ಬೆಳೆದಿದೆ ಎಂಬುದು ಮಾತ್ರ ನನಗಿಂತ ಮೊದಲು ಹೊಸಬಾಳೆಗೆ ಗೊತ್ತಾಗುತ್ತಿತ್ತು.

ಸುಷ್ಮಿತಾ ಒಮ್ಮೆ ಬಳೆ ತೊಡುತ್ತಾ, "ಕುರಿಗಾದ್ರೆ ಕಿವಿ ಕತ್ತರಿಸಿ ಗುರುತು ಹಾಕ್ತಾರೆ, ನಂಗೆ ಇದು" ಎಂದಳು. ಸುಮ್ಮನಿರು ಎಂದು ಗದರಿದೆ.

ಈ ವರ್ಷ ಅವಳಿಗೆ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಸರ್ಕಾರದ ವಿದ್ಯಾರ್ಥಿವೇತನ ಬರುವುದು ವರ್ಷ ಮುಗಿಯುವಾಗ, ಕಾಲೇಜು ಫೀಸು ಕೇಳುವುದು ಸೇರುವ ದಿನ. ನನ್ನ ಗೌರವಧನ ಮನೆಯ ಅಕ್ಕಿ ಬೇಳೆಗೇ ಸಾಲದು. ಶಿಕಾರಿಪುರದಲ್ಲಿ ನಾಲ್ಕಾರು ಮಂದಿ ಹಿರಿಯರು ಸೇರಿ ನಡೆಸುವ ಒಂದು ವಿದ್ಯಾನಿಧಿ ಇದೆ, ಬಡವರ ಮಕ್ಕಳ ಫೀಸನ್ನು ನೇರ ಕಾಲೇಜಿಗೇ ಕಟ್ಟುತ್ತಾರೆ ಎಂದು ನಮ್ಮ ಮೇಲ್ವಿಚಾರಕಿ ಹೇಳಿದರು. ಅರ್ಜಿ ಹಿಡಿದು ಹೋದೆ. ನೋಡಿಕೊಳ್ಳುವವರು ನಿರಂಜನ ಮೇಷ್ಟ್ರು ಎಂಬ ನಿವೃತ್ತ ಉಪನ್ಯಾಸಕರು.

"ನಿಮ್ಮ ಮನೆಯವ್ರು ಏನ್ ಮಾಡ್ತಾರಮ್ಮ?"

"ಕುರಿ ಕಾಯ್ತಾರೆ ಸರ್."

ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿದರು. "ಕುರಿ ಇದಾವಾ? ಹಂಗಾದ್ರೆ ಕಷ್ಟ. ಮಾರೋವಂಥ ಜಾನುವಾರು ಇದ್ದೋರಿಗೆ ಕೊಡೋ ಹಂಗಿಲ್ಲ."

"ಅವು ನಮ್ಮವಲ್ಲ ಸರ್. ಪಾಲಿನವು. ನಮ್ಮ ಅತ್ತಿಗೆಯವ್ರವು."

"ಎಲ್ರೂ ಹಂಗೇ ಅಂತಾರೆ. ಹೋದ ವರ್ಷ ಒಬ್ಬ ಅಂಗಳದಾಗೆ ನಿಂತಿದ್ದ ಟ್ರ್ಯಾಕ್ಟರು ಭಾವಮೈದಂದು ಅಂದ. ವಿಚಾರಿಸಿದ್ರೆ ಅವನಿಗೆ ಭಾವಮೈದನೇ ಇಲ್ಲ!" ಎಂದು ತಾವೇ ನಕ್ಕು, ಮತ್ತೆ ಗಂಭೀರವಾದರು. "ಬುಧವಾರ ಮನೆಗೆ ಬರ್ತೀನಿ. ಕುರಿ ಯಾರವೋ ಅವ್ರು ನನ್ನೆದುರಿಗೆ ನಮ್ಮವು ಅಂತ ಬಾಯಿಬಿಟ್ಟು ಹೇಳ್ಲಿ. ಅಷ್ಟು ಸಾಕು ನಂಗೆ."

ಅಷ್ಟೇ ತಾನೆ, ಒಂದು ಮಾತು ಎಂದುಕೊಂಡು ಮಾರನೆಯ ದಿನ ರಜೆ ಹಾಕಿ ಹೊಸಬಾಳೆಗೆ ಬಸ್ಸು ಹತ್ತಿದೆ.

"ಅಯ್ಯ ಮಾರಾಯ್ತಿ, ಇಷ್ಟಕ್ಕೆ ಇಷ್ಟು ದೂರ ಬಂದ್ಯಾ ದುರುಗಿ?" ಅತ್ತಿಗೆ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟರು. "ಹೇಳ್ದೆ ಇರ್ತೀನಾ? ನಮ್ಮ ಹುಡುಗಿ ಓದು. ಯಾವತ್ತು ಬರ್ತಾರೆ ಮೇಷ್ಟ್ರು?"

"ಬುಧವಾರ ಅತ್ಗೆಮ್ಮ."

ಎದ್ದುಹೋಗಿ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟರು. ಬೆರಳು ಬುಧವಾರದ ಮೇಲೆ ಸ್ವಲ್ಪ ನಿಂತು, ಮುಂದಕ್ಕೆ ಸರಿಯಿತು.

"ಬುಧವಾರ ಬೇಡ. ಶುಕ್ರವಾರ ಮಾಡ್ಸು."

"ಯಾಕೆ?"

"ಒಳ್ಳೇದಕ್ಕೆ ಒಳ್ಳೇ ದಿನ ಇರ್ಲಿ." ನನ್ನ ಲೋಟ ತೆಗೆದುಕೊಳ್ಳುತ್ತಾ ಕೇಳಿದರು: "ಸುಷ್ಮಿತಾ ಈಗೀಗ ಮೈಯಾಗೆ ಇಳ್ದಿದಾಳಂತೆ?"

ಇದನ್ನು ಯಾರು ಹೇಳಿದರು ಎಂದು ನಾನು ಕೇಳಲಿಲ್ಲ. ಸಂಜೆ ಅದೂ ತಿಳಿಯಿತು. ಚೌಡೇಶ ತನ್ನ ಪಿಕಪ್ ಗಾಡಿಯಲ್ಲಿ ನನ್ನನ್ನು ಸೊರಬದ ಬಸ್‌ಸ್ಟ್ಯಾಂಡಿಗೆ ಬಿಟ್ಟ. ದಾರಿಯುದ್ದಕ್ಕೂ ಕುಪ್ಪಗಡ್ಡೆಯ ಲೋಡು, ಉಳವಿಯ ಲೋಡು ಎಂದು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ. ನಾನು ಇಳಿಯುವಾಗ ಕೇಳಿದ:

"ಶಿವಮೊಗ್ಗದಲ್ಲಿ ಅವ್ಳಿಗೆ ಯಾವ ಹಾಸ್ಟೆಲ್ ಅತ್ತೆ?"

"ಇನ್ನೂ ಗೊತ್ತಿಲ್ಲಪ್ಪ. ಸೇರಿದ ಮೇಲೆ ಹೇಳ್ತಾರೆ."

"ನಂಗೆ ಗೊತ್ತು. ಕಾಲೇಜಿನ ಹಿಂದೆ, ನೇರಳೆ ಬಣ್ಣದ ಗೇಟು. ಲೋಡ್ ಹಾಕೋಕೆ ಹೋದಾಗ ನೋಡ್ಕೊಂಡು ಬಂದೆ." ಗಾಡಿ ಚಾಲೂ ಮಾಡಿದ. "ಕತ್ತಲಾದ್ ಕೂಡ್ಲೇ ಬೀಗ ಹಾಕ್ತಾರೆ. ಹೆದರ್ಕೋಬೇಡಿ."

ಅವನು ಕೆಟ್ಟ ಹುಡುಗ ಎಂದು ಯಾರೂ ಹೇಳಲಾರರು. ಕುಡಿಯುವುದಿಲ್ಲ, ಜಗಳವಿಲ್ಲ. ಎರಡು ವರ್ಷದಿಂದ ಶಿಕಾರಿಪುರದಲ್ಲಿ ಸುಷ್ಮಿತಾಳ ಪಿಯುಸಿ ಕಾಲೇಜಿನೆದುರು ಅವನ ಗಾಡಿ ನಿಲ್ಲುತ್ತಿತ್ತು. ಅವಳನ್ನು ಒಂದು ದಿನವೂ ಮಾತಾಡಿಸಲಿಲ್ಲ. ಅವಳು ಬಸ್ಸು ಹತ್ತಿದ ಮೇಲೆ ಗಾಡಿ ಹೊರಡುತ್ತಿತ್ತು. ಅವಳ ಬಸ್ಸು ತಪ್ಪಿದ ದಿನ ನನಗೆ ಹೊಸಬಾಳೆಯಿಂದ ಫೋನು ಬರುತ್ತಿತ್ತು: "ಕೂಸು ಇನ್ನೂ ಸ್ಟ್ಯಾಂಡಲ್ಲೇ ಐತಂತಲ್ಲೇ ದುರುಗಿ?"

ಇದನ್ನೆಲ್ಲ ಇವರಿಗೆ ಹೇಳಿದೆ. ಕುರಿ ಕೂಡುವ ರೊಪ್ಪದ ಬೇಲಿಗೆ ಮುಳ್ಳು ಕಟ್ಟುತ್ತಿದ್ದವರು ಕೈ ನಿಲ್ಲಿಸದೆ, "ಅಕ್ಕ ಬಂದು ಒಂದು ಮಾತು ಹೇಳಿ ಹೋಗ್ತಾಳೆ. ನೀನು ಇಲ್ಲದ್ದು ಯೋಚ್ನೆ ಮಾಡ್ಬೇಡ" ಎಂದರು.

"ಶುಕ್ರವಾರನೇ ಯಾಕೆ ಅಂತೀನಿ."

ಇವರು ಇನ್ನೊಂದು ಮುಳ್ಳಿನ ಕೊಂಬೆ ಎಳೆದುಕೊಂಡರು.

ಶ್ರಾವಣದ ಶುಕ್ರವಾರ. ದಿನ ಬದಲಿಸಲು ಒಪ್ಪಿದ್ದ ಮೇಷ್ಟ್ರು ಹೇಳಿದ ಹೊತ್ತಿಗೆ ಸ್ಕೂಟರಿನಲ್ಲಿ ಬಂದು ಅಂಗಳದ ಕುರ್ಚಿಯಲ್ಲಿ ಕೂತರು. ಅವರು ನೋಡಲಿ ಎಂದು ಇವರು ಆ ದಿನ ಕುರಿಗಳನ್ನು ಮೇಯಲು ಬಿಡದೆ ರೊಪ್ಪದಲ್ಲೇ ನಿಲ್ಲಿಸಿದ್ದರು. ಹಸಿದ ಕುರಿಗಳು ಒಂದೇ ಸಮನೆ ಒದರುತ್ತಿದ್ದವು. ಅಷ್ಟರಲ್ಲಿ ಚೌಡೇಶನ ಪಿಕಪ್ ಬಂತು. ಮುಂದಿನಿಂದ ಅತ್ತಿಗೆ ಇಳಿದರು. ಹಿಂದಿನಿಂದ ಐದು ಜನ ಮುತ್ತೈದೆಯರು ಇಳಿದರು. ಕೈಯಲ್ಲಿ ತಟ್ಟೆಗಳು: ಸೀರೆ, ತೆಂಗಿನಕಾಯಿ, ಎಲೆ ಅಡಿಕೆ, ಹಸಿರು ಬಳೆ, ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ದಂಡೆ.

ಹೂ ಮುಡಿಸಲು ಬಂದಿದ್ದಾರೆ. ನಮ್ಮಲ್ಲಿ ಗಂಡಿನ ಕಡೆಯವರು ನಾಲ್ಕು ಜನರೆದುರಿಗೆ ಹುಡುಗಿಗೆ ಹೂ ಮುಡಿಸಿದರೆ ಮುಗಿಯಿತು, ಆಮೇಲೆ ಆ ಹುಡುಗಿ ಆ ಮನೆಯವಳು. ಹಿಂದೆಗೆದರೆ ಬೇರೆ ಯಾರೂ ಆ ಮನೆಯಲ್ಲಿ ಹೆಣ್ಣು ಕೇಳುವುದಿಲ್ಲ.

ಮೇಷ್ಟ್ರು ಎದ್ದುನಿಂತರು. "ಏನ್ರೀ, ಮನೇಲಿ ಕಾರ್ಯ ಇತ್ತಾ? ಗೊತ್ತಿದ್ರೆ ಇನ್ನೊಂದು ದಿನ ಬರ್ತಿದ್ದೆ."

"ಕೂತ್ಕಳಿ ಮೇಷ್ಟ್ರೇ. ನಿಮ್ಮಂಥ ದೊಡ್ಡೋರು ಎದುರಿಗಿದ್ರೇನೇ ಚೆಂದ" ಎಂದರು ಅತ್ತಿಗೆ. ಒಬ್ಬಾಕೆ ಆಗಲೇ ಒಳಗಿನಿಂದ ಮಣೆ ತಂದು ಹಾಕಿದ್ದಳು.

"ಆಗ್ಲಿ ಆಗ್ಲಿ. ನಂದು ಒಂದೇ ಪ್ರಶ್ನೆ ತಾಯಿ. ಈ ಕುರಿ ನಿಮ್ಮವಾ?"

"ಹೇಳ್ತೀನಿ. ಮೊದ್ಲು ಕೂಸಿಗೆ ಒಂದು ಹೂ ಮುಡಿಸಿಬಿಡ್ತೀನಿ. ಆಮೇಲೆ ನೀವು ಏನ್ ಕೇಳಿದ್ರೂ ಹೇಳ್ತೀನಿ."

ನಾನು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: "ಅತ್ಗೆಮ್ಮ, ಇದೇನಿದು? ಅವ್ಳ ಓದು ಮುಗೀಲಿ."

"ಓದ್ಲಿ, ಯಾರು ಬ್ಯಾಡ ಅಂದ್ರು? ಮಾಘ ಮಾಸದ ತಂಕ ಓದ್ಲಿ." ದನಿ ಏರಿಸಲೇ ಇಲ್ಲ. ನನ್ನ ಹೆಗಲ ಮೇಲಿನ ಸೆರಗನ್ನು ಸರಿಮಾಡಿದರು. "ಆಮೇಲೆ ರಾತ್ರಿಪಾಳಿ ಮಾಡ್ಕಂಡು ಯಾರ್ದೋ ಗಾಯ ತೊಳಿಯೋ ಕರ್ಮ ನಮ್ಮ ಮನೆ ಸೊಸೆಗ್ಯಾಕೆ? ಈಗ ಬ್ಯಾಡ ಅಂದ್ರೂ ನಂಗೇನು ಬೇಜಾರಿಲ್ಲ. ಬಂದ ದಾರೀಲಿ ಹೋಗ್ತೀನಿ. ಕುರಿ ಯಾರವು ಅಂತ ನೀನೇ ಹೇಳ್ಕೋ."

ಸುಷ್ಮಿತಾ ಬಾಗಿಲಲ್ಲಿ ನಿಂತಿದ್ದಳು, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು. ನನ್ನನ್ನು ನೋಡಲಿಲ್ಲ. ಅಪ್ಪನನ್ನು ನೋಡುತ್ತಿದ್ದಳು.

"ಬಾ ಕೂಸೆ, ಮಣೆ ಮೇಲೆ ಕೂರು" ಎಂದು ಅತ್ತಿಗೆ ಬಾಳೆಲೆ ಬಿಚ್ಚಿದರು.

"ಅಪ್ಪಾ" ಎಂದಳು ಸುಷ್ಮಿತಾ. ಅಷ್ಟೇ ಅಂದದ್ದು.

ರೊಪ್ಪದ ಬಾಗಿಲಲ್ಲಿ ನಿಂತಿದ್ದ ಇವರು ಹೆಗಲ ಮೇಲಿನ ಕಂಬಳಿಯನ್ನು ತೆಗೆದು ಬೇಲಿಯ ಮೇಲೆ ಹಾಕಿದರು. "ಅಕ್ಕಾ" ಎಂದು ಕರೆದರು. "ಅಕ್ಕಾ, ಕುರಿ ಹೊಡ್ಕಂಡು ಹೋಗು."

"ಏನಂದೆ?"

"ನಂಗೆ ಪಾಲು ಬ್ಯಾಡ. ಇವತ್ತೇ ಹೊಡ್ಕಂಡು ಹೋಗು."

ಅತ್ತಿಗೆಯ ಮುಖದ ನಗು ಹಾಗೇ ಇತ್ತು. "ಹುಚ್ಚು ಹಿಡ್ದೈತೇನೋ? ಎರಡು ತಿಂಗ್ಳಿಗೆ ದೀಪಾವಳಿ. ಈ ಮಳೇಲಿ ಹೊಸಬಾಳೆಗೆ ಹೋದ್ರೆ ಒಂದೂ ಉಳಿಯಲ್ಲ."

"ಗೊತ್ತು" ಎಂದು ರೊಪ್ಪದ ಬಾಗಿಲಿನ ಅಡ್ಡಮರ ತೆಗೆದರು.

ಗಂಟೆ ಕಟ್ಟಿದ ಮೇಕೆ ಯಾವಾಗಲೂ ಮುಂದೆ. ಬೆಳಿಗ್ಗೆಯಿಂದ ಹಸಿದದ್ದು ಒಂದೇ ನೆಗೆತಕ್ಕೆ ಹೊರಬಿತ್ತು. ಅದರ ಹಿಂದೆ ಇಡೀ ಹಿಂಡು ನುಗ್ಗಿತು. ಇವರು ಪ್ರತಿದಿನ ಎದುರು ನಿಂತು, ನಾಲಿಗೆಯಲ್ಲಿ ಸದ್ದು ಮಾಡಿ ಹೊಲದ ಕಡೆ ತಿರುಗಿಸುವವರು. ಆ ದಿನ ಕೈಕಟ್ಟಿ ನಿಂತರು. ಹಿಂಡು ಮಣೆಯನ್ನು ಮಗುಚಿ, ತಟ್ಟೆಗಳನ್ನು ತುಳಿದು, ಸ್ಕೂಟರನ್ನು ಕೆಡವಿ, ನೇರ ಶಿರಾಳಕೊಪ್ಪದ ಕಡೆಯ ಡಾಂಬರು ರಸ್ತೆಗೆ ಇಳಿಯಿತು. ಏರಿನಿಂದ ಜೋಳ ತುಂಬಿದ ಲಾರಿಯೊಂದು ಬರುತ್ತಿತ್ತು.

ಅತ್ತಿಗೆ ಹೂವಿನ ದಂಡೆ ಕೈಯಲ್ಲಿ ಹಿಡಿದೇ ಕಿರುಚಿದರು. "ಅಯ್ಯೋ ನಮ್ಮ ಕುರಿ! ಚೌಡಾ, ಓಡೋ! ನಮ್ಮ ಕುರಿ ರಸ್ತೆಗೆ ಬಿದ್ವು! ನಮ್ಮವು ಕಣೋ, ಅಷ್ಟೂ ನಮ್ಮವು!"

ಲಾರಿ ಕೀರಲಿಟ್ಟು ನಿಂತಿತು. ಚೌಡೇಶ ರಸ್ತೆಯ ನಡುವೆ ತೋಳು ಚಾಚಿ ನಿಂತಿದ್ದ. ಒಂದು ಮರಿ ಗಾಲಿಯ ಕೆಳಗೆ ಸಿಕ್ಕಿತು. ಮೇಷ್ಟ್ರು ಬಿದ್ದ ಸ್ಕೂಟರನ್ನು ಎತ್ತಿ ನಿಲ್ಲಿಸಿ, ಪಂಚೆಯ ಧೂಳು ಕೊಡವಿ, ನನ್ನನ್ನೂ ರೊಪ್ಪವನ್ನೂ ನೋಡಿದರು.

"ಕೇಳಿಸ್ತಮ್ಮ. ಸಾಕು" ಎಂದರು.

ಅತ್ತಿಗೆ ಹೋಗುವಾಗ ಬಯ್ಯಲಿಲ್ಲ, ಅಳಲಿಲ್ಲ. ತಮ್ಮನ ಹತ್ತಿರ ಬಂದು ಅವರ ಕೆನ್ನೆಗೆ ಅಂಟಿದ್ದ ಉಣ್ಣೆಯ ಎಳೆಯೊಂದನ್ನು ತೆಗೆದುಹಾಕಿದರು, ಸಣ್ಣ ಮಗುವಿಗೆ ತೆಗೆದ ಹಾಗೆ. "ನೋಡಣ ಬಿಡು" ಎಂದು ಗಾಡಿ ಹತ್ತಿದರು. ಅವರ ಆಳುಗಳು ಬಂದು ಆ ಸಂಜೆಯೇ ಹಿಂಡನ್ನು ಸೊರಬದ ಕಡೆ ಹೊಡೆದುಕೊಂಡು ಹೋದರು. ನಮ್ಮ ನಾಯಿ ಒಂದಷ್ಟು ದೂರ ಹಿಂದೆ ಹೋಗಿ ವಾಪಸು ಬಂತು. ಈಗಲೂ ಖಾಲಿ ರೊಪ್ಪದ ಬಾಗಿಲಲ್ಲೇ ಮಲಗುತ್ತದೆ.

ವಿದ್ಯಾನಿಧಿಯವರು ಫೀಸು ಕಟ್ಟಿದರು. ಸುಷ್ಮಿತಾ ಶಿವಮೊಗ್ಗ ಸೇರಿದಳು. ಹಾಸ್ಟೆಲಿನ ಗೇಟು ನೇರಳೆ ಬಣ್ಣದ್ದೇ. ಇವರು ಈಗ ಜೋಳದ ಗೋದಾಮಿನಲ್ಲಿ ಮೂಟೆ ಹೊರುತ್ತಾರೆ. ಆಪರೇಷನ್ ಆದ ಹೊಟ್ಟೆಯನ್ನು ಟವೆಲ್ಲಿನಲ್ಲಿ ಬಿಗಿದುಕೊಂಡು ಹೋಗುತ್ತಾರೆ. ಹೊಸಬಾಳೆಯಲ್ಲಿ ಕುರಿಗಳು ಒಂದೊಂದಾಗಿ ಕುಂಟಿ ಬೀಳುತ್ತಿವೆ ಎಂಬ ಸುದ್ದಿ ಬಂದ ದಿನ ಇವರು ಊಟ ಮಾಡಲಿಲ್ಲ. ಅಲ್ಲಿಂದ ನಮಗೆ ಫೋನು ಬರುವುದು ನಿಂತಿದೆ. ಬರುತ್ತಿದ್ದಾಗ ಇಷ್ಟು ಹೆದರಿಕೆ ಇರಲಿಲ್ಲ.

ಇವತ್ತು ಸಂಜೆ ಮಕ್ಕಳ ತೂಕವನ್ನು ಮೊಬೈಲಿಗೆ ಏರಿಸುತ್ತಿದ್ದಾಗ ಸುಷ್ಮಿತಾ ಫೋನು ಮಾಡಿದಳು.

"ಅವ್ವಾ, ವಾಚ್‌ಮನ್ ಹತ್ರ ಯಾರೋ ಒಂದು ಪೊಟ್ಟಣ ಕೊಟ್ಟು ಹೋಗಿದಾರೆ. ಹೆಸರು ಹೇಳ್ಲಿಲ್ಲಂತೆ."

"ಏನೈತೆ ಅದ್ರಾಗೆ?"

"ಹಸಿರು ಬಳೆ." ಫೋನಿನಲ್ಲಿ ಬಳೆಯ ಸದ್ದು ಕೇಳಿಸಿತು. "ಇಲ್ಲಿ ಊಟ ಸೇರದೆ ನಾನು ಇನ್ನೂ ಇಳ್ದಿದೀನಿ ಅವ್ವಾ. ಹಳೇ ಬಳೆ ಎಲ್ಲ ಜಾರ್ತಾವೆ. ಇವು ಸರಿಯಾಗಿ ಕೂತ್ವು."

ತೆಗೆದು ಬಿಸಾಕು ಎಂದೆ. ಇವರಿಗೆ ಹೇಳಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ನಾನೇ ಶಿವಮೊಗ್ಗಕ್ಕೆ ಹೋಗುತ್ತೇನೆ.