ಸುಣ್ಣದ ಮೊಟ್ಟೆಯ ಮೇಲೆ ಇಪ್ಪತ್ತಾರು ದಿನ

ನಮ್ಮ ಪುರಸಭೆ ಮನೆಗೆ ಮೂರರಂತೆ ಕೋಳಿ ಹಂಚಿದಾಗ ಪ್ರತಿಯೊಬ್ಬರಿಂದಲೂ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿತು. ಅಡುಗೆಮನೆಯಲ್ಲಿ ಉಳಿದದ್ದನ್ನು ಕಸದ ಚೀಲಕ್ಕೆ ತುಂಬದೆ ಕೋಳಿಗಳಿಗೆ ಹಾಕಬೇಕು, ಎರಡು ವರ್ಷ ಕೊಯ್ಯಬಾರದು, ಮಾರಬಾರದು, ಹುಂಜ ಸಾಕಬಾರದು. ಹೀಗೆ ಸಹಿ ಹಾಕಿದ ಕೈಗಳಿಂದಲೇ ನಮ್ಮ ಬೀದಿಯ ಎರಡು ಮನೆಯವರು ಆ ವರ್ಷದ ಕ್ರಿಸ್ಮಸ್‌ಗೆ ಸಾರು ಕುದಿಸಿದರು. ಆ ಎರಡು ಮನೆಯವರಿಗೂ ನಾನು ಎದುರಿಗೇ ಹೇಳಿದ್ದೇನೆ: ನೀವು ತಿಂದದ್ದು ಕೋಳಿಯನ್ನಲ್ಲ, ನಿಮ್ಮ ಮಾತನ್ನು. ಫ್ಲಾಂಡರ್ಸಿನ ಈ ಚಿಕ್ಕ ಊರಿನ ಶಾಲೆಯಲ್ಲಿ ಮೂವತ್ತೆಂಟು ವರ್ಷ ಪಾಠ ಹೇಳಿದವಳಿಗೆ ಅಷ್ಟು ಹೇಳುವ ಹಕ್ಕಿದೆ ಎಂದು ನಾನು ಭಾವಿಸಿದ್ದೆ. ಮುಂದೆ ನಡೆದದ್ದನ್ನು ನೋಡಿದರೆ, ಆ ಹಕ್ಕು ನನಗೆಷ್ಟು ಉಳಿಯಿತೋ ತಿಳಿಯದು.

ನನ್ನ ಮೂರರಲ್ಲಿ ಕಂದು ಬಣ್ಣದ ಒಂದಕ್ಕೆ ಪೆಲಾಜಿ ಎಂದು ಹೆಸರಿಟ್ಟಿದ್ದೆ. ಏಪ್ರಿಲ್ ಕೊನೆಯಲ್ಲಿ ಅದು ಗೂಡಿನ ಮೂಲೆಯ ಹುಲ್ಲಿನಲ್ಲಿ ಕುಳಿತದ್ದು ಮೇಲೇಳಲಿಲ್ಲ. ಕೈ ಚಾಚಿದರೆ ಮೈಯ ಗರಿಯನ್ನೆಲ್ಲ ಕೆದರಿ, ಹಾವಿನಂತೆ ಬುಸುಗುಟ್ಟಿ, ಮಣಿಕಟ್ಟಿಗೆ ಕುಕ್ಕಿತು. ಅಡಿಯಲ್ಲಿ ಒಂದು ಮೊಟ್ಟೆಯೂ ಇರಲಿಲ್ಲ; ಬೆಳಿಗ್ಗೆಯೇ ನಾನು ತೆಗೆದಿದ್ದೆ. ಬರಿಯ ಹುಲ್ಲಿಗೆ ಅದು ಕಾವು ಕೊಡುತ್ತಿತ್ತು.

ಬೇಲಿಯಾಚೆಯ ಗೆರ್ವಿನ್‌ನನ್ನು ಕರೆದೆ. ಒಂದು ಕಾಲದಲ್ಲಿ ನನ್ನ ಮೂರನೆಯ ಬೆಂಚಿನ ಹುಡುಗ. ಈಗ ಐವತ್ತೆಂಟು ದಾಟಿದ, ಹಿತ್ತಿಲಿನ ಅಟ್ಟದಲ್ಲಿ ಪಂದ್ಯದ ನಲವತ್ತು ಪಾರಿವಾಳ ಸಾಕಿದ ಮನುಷ್ಯ. ಬಗ್ಗಿ ನೋಡಿ, ಟೋಪಿ ಹಿಂದಕ್ಕೆ ತಳ್ಳಿದ.

“ಕಾವಿಗೆ ಕೂತಿದೆ, ಟೀಚರ್. ಆದ್ರೆ ಈ ತಳಿ ಕೂರಬಾರ್ದಲ್ಲ! ಇವಕ್ಕೆ ಮುತ್ತಜ್ಜಿ ಕಾಲದಿಂದ್ಲೇ ತಾಯ್ತನ ತೆಗೆದುಬಿಟ್ಟಿದಾರೆ.”

“ತೆಗೆದುಬಿಟ್ಟಿದಾರೆ ಅಂದ್ರೆ? ಹಲ್ಲು ಕಿತ್ತ ಹಾಗಾ?”

“ಕಾವು ಕೂರೋ ಕೋಳಿ ಮೊಟ್ಟೆ ಇಡಲ್ಲ ನೋಡಿ. ಅದಕ್ಕೇ ಕೂರದೇ ಇರೋದನ್ನೇ ಆರಿಸಿ ಆರಿಸಿ ತಳಿ ಮಾಡ್ತಾರೆ. ಇದರ ತಾಯಿ ಯಂತ್ರದಲ್ಲಿ ಹುಟ್ಟಿದ್ದು, ತಾಯಿಯ ತಾಯಿನೂ ಯಂತ್ರದಲ್ಲೇ. ಇದಕ್ಕೆ ಯಾರು ಹೇಳ್ಕೊಟ್ರೋ ದೇವರಿಗೇ ಗೊತ್ತು.”

ತಲೆಮಾರುಗಳ ಕಾಲ ಮನುಷ್ಯರು ಒರೆಸಿಹಾಕಿದ ಪಾಠ, ಯಾವ ಹಲಗೆಯೂ ಇಲ್ಲದೆ, ಯಾವ ಗುರುವೂ ಇಲ್ಲದೆ, ಈ ಪುಟ್ಟ ಮೈಯೊಳಗೆ ಅಕ್ಷರ ತಪ್ಪದೆ ಮೂಡಿ ಬಂದಿತ್ತು.

ಗೆರ್ವಿನ್ ಮನೆಗೆ ಹೋಗಿ ಮೂರು ಸುಣ್ಣದ ಮೊಟ್ಟೆ ತಂದ. ಪಾರಿವಾಳದ ಮೊಟ್ಟೆಯಷ್ಟೇ ಚಿಕ್ಕವು, ಬಿಳಿಯವು, ಹುಸಿಯವು.

“ಇವನ್ನ ಅದರ ಹೊಟ್ಟೆ ಕೆಳಗೆ ಇಡಿ. ಮರಿ ಬೇಡ ಅಂದಾಗ ನಾವು ಪಾರಿವಾಳಕ್ಕೆ ಮಾಡೋದು ಇದೇ. ಹದಿನೆಂಟು, ಇಪ್ಪತ್ತು ದಿನ ಕೂರ್ತವೆ. ಏನೂ ಆಗಲ್ಲ ಅಂತ ಗೊತ್ತಾದ್ಮೇಲೆ ತಾವೇ ಎದ್ದು ಹೋಗ್ತವೆ.”

“ಇದು ಮೋಸ ಅಲ್ವೇನೋ?”

“ಮೋಸ ಅಲ್ಲ ಟೀಚರ್, ಸಮಾಧಾನ. ನಮ್ಮಪ್ಪ ಐವತ್ತು ವರ್ಷ ಮಾಡಿದಾರೆ.”

ಮೋಸಕ್ಕೆ ಸಮಾಧಾನ ಎಂಬ ಹೆಸರು ಕೊಡುವುದನ್ನು ನಾನು ಎಷ್ಟು ಮಕ್ಕಳ ಬಾಯಿಂದ ಕೇಳಿಲ್ಲ! ಅವರನ್ನೆಲ್ಲ ಮೂಲೆಯಲ್ಲಿ ನಿಲ್ಲಿಸಿದ್ದೆ. ಆದರೂ ಅಂದು ಆ ಮೂರನ್ನು ಪೆಲಾಜಿಯ ಎದೆಯಡಿಗೆ ಸರಿಸಿದ್ದು ನನ್ನದೇ ಕೈ. ಅದು ಕೊಕ್ಕಿನಿಂದ ಒಂದೊಂದನ್ನೇ ಒಳಕ್ಕೆ ಎಳೆದುಕೊಂಡು, ರೆಕ್ಕೆ ಅಗಲಿಸಿ, ಕಣ್ಣು ಅರೆ ಮುಚ್ಚಿತು.

ಗೂಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದಿನಕ್ಕೊಂದು ಗೆರೆ ಎಳೆಯತೊಡಗಿದೆ. ದಿನಕ್ಕೊಮ್ಮೆ ಅದು ಎದ್ದು ನಾಲ್ಕು ಕಾಳು ನುಂಗಿ, ಎರಡು ಗುಟುಕು ನೀರು ಕುಡಿದು, ಯಾರೋ ಕರೆದಂತೆ ಓಡಿ ಹಿಂತಿರುಗುತ್ತಿತ್ತು. ತನ್ನ ಎದೆಯ ಗರಿಗಳನ್ನು ತಾನೇ ಕಿತ್ತು, ಬರಿಯ ಚರ್ಮವನ್ನು ಆ ಹುಸಿ ಮೊಟ್ಟೆಗಳಿಗೆ ಒತ್ತಿತ್ತು. ಗಂಟೆಗೊಮ್ಮೆಯಾದರೂ ಅವನ್ನು ಹೊರಳಿಸುತ್ತಿತ್ತು. ಒಂದು ದಿನ ಅದು ಎದ್ದು ಹೋದಾಗ ನಾನೊಂದನ್ನು ಕೈಗೆತ್ತಿಕೊಂಡೆ. ಸುಣ್ಣ ಬೆಚ್ಚಗಿತ್ತು, ಜ್ವರ ಬಂದ ಮಗುವಿನ ಹಣೆಯಷ್ಟು ಬೆಚ್ಚಗೆ. ತಪ್ಪು ಮಾಡಿದವಳಂತೆ ಅದನ್ನು ಇದ್ದಲ್ಲೇ ಇಟ್ಟೆ.

ಇಪ್ಪತ್ತು ಗೆರೆಗಳಾದವು. ಪಾರಿವಾಳವಾಗಿದ್ದರೆ ಎದ್ದು ಹೋಗಬೇಕಿತ್ತು. ಇಪ್ಪತ್ತೊಂದಾಯಿತು, ಮರಿ ಬರಬೇಕಾದ ದಿನ. ಪೆಲಾಜಿ ಏಳಲಿಲ್ಲ. ಇಪ್ಪತ್ತೆರಡನೆಯ ದಿನದಿಂದ ಕಾಳಿಗೂ ಏಳುವುದನ್ನು ಬಿಟ್ಟಿತು; ನಾನು ಕೊಕ್ಕಿಗೆ ಹನಿಸಿದ ನೀರಷ್ಟೇ ಒಳಗೆ ಹೋಗುತ್ತಿತ್ತು. ಇನ್ನೇನು ಬಂದೀತು, ಈ ಹೊತ್ತಿನಲ್ಲಿ ಬಿಟ್ಟು ಹೋಗಬಾರದು ಎಂದು ಅದು ನಂಬಿತ್ತು. ಆ ನಂಬಿಕೆಗೆ ಆಧಾರ ಕೊಟ್ಟವಳು ನಾನು. ತಲೆಯ ಕೆಂಪು ಜುಟ್ಟು ಬಿಳಿಚಿತು. ಎದೆಮೂಳೆ ಚಾಕುವಿನ ಅಲಗಿನಂತೆ ಕೈಗೆ ಸಿಗುತ್ತಿತ್ತು. ಪಶುವೈದ್ಯೆ ಬಂದು ನೋಡಿ, ಹೀಗೇ ಇನ್ನೊಂದು ವಾರ ಕಳೆದರೆ ಉಳಿಯುವುದಿಲ್ಲ ಎಂದರು.

ಗೆರ್ವಿನ್ ಬೇಲಿಯ ಬಳಿ ತಲೆ ತಗ್ಗಿಸಿ ನಿಂತ.

“ನಾನು ಪಾರಿವಾಳದ ಲೆಕ್ಕ ಹಾಕ್ಬಿಟ್ಟೆ, ಟೀಚರ್. ತಂತಿ ಪಂಜರ ಇದೆ. ಅದ್ರಲ್ಲಿ ಕೂರಿಸಿ ಎತ್ತರಕ್ಕೆ ನೇತುಹಾಕಿದ್ರೆ ಹೊಟ್ಟೆಗೆ ತಣ್ಣನೆ ಗಾಳಿ ಬೀಸಿ, ನಾಲ್ಕು ದಿನದಲ್ಲಿ ಕಾವು ಇಳೀತದೆ.”

“ಮೊದಲು ನಾವೇ ಸುಳ್ಳು ಹೇಳೋದು, ಆಮೇಲೆ ಅದನ್ನ ನಂಬಿದ್ದಕ್ಕೆ ಅದಕ್ಕೇ ಶಿಕ್ಷೆ ಕೊಡೋದು! ಇದೇನಾ ನಾನು ನಿನಗೆ ಕಲಿಸಿದ್ದು?”

“ನೀವು ಕಲಿಸಿದ್ದು ಗುಣಾಕಾರ, ಟೀಚರ್. ಅದೂ ನನಗೆ ಬರ್ಲಿಲ್ಲ.”

ನಗು ಬರಲಿಲ್ಲ. ಅದಕ್ಕೆ ನಿಜವಾದ ಮರಿ ಸಿಗಬೇಕು, ಬೇರೆ ದಾರಿಯಿಲ್ಲ. ಆದರೆ ಹೊಸ ಮೊಟ್ಟೆ ಇಟ್ಟರೆ ಮತ್ತೆ ಇಪ್ಪತ್ತೊಂದು ದಿನ. ಅಷ್ಟು ದಿನ ಪೆಲಾಜಿಗೆ ಉಳಿದಿರಲಿಲ್ಲ. ಊರಿನಾಚೆ, ಹನ್ನೆರಡು ಕಿಲೋಮೀಟರ್ ದೂರದ ಹೊಲದಲ್ಲಿ ಹಿಲ್ಡೆ ಎಂಬ ರೈತ ಹೆಂಗಸು ಯಂತ್ರದಲ್ಲಿ ಮರಿ ಮಾಡಿಸುತ್ತಾಳೆಂದು ಗೆರ್ವಿನ್ ಹೇಳಿದ. ನಾನು ಫೋನ್ ಮಾಡಿ ಎಲ್ಲವನ್ನೂ ವಿವರಿಸಿದೆ.

“ಭಾನುವಾರಕ್ಕೆ ದಿನ ತುಂಬೋ ಮೊಟ್ಟೆಗಳಿವೆ, ಅಮ್ಮಾ. ಬೆಳಿಗ್ಗೆ ನಾನಿರಲ್ಲ, ಮಧ್ಯಾಹ್ನ ಒಂದೂವರೆಗೆ ಬಂದ್ರೆ ಎರಡು ಕೊಡ್ತೀನಿ. ಸಂಜೆ ಚಿಪ್ಪು ಬಿರಿಯೋಕೆ ಶುರುವಾದ್ರೆ ಆಮೇಲೆ ಅಲ್ಲಾಡಿಸೋ ಹಾಗಿಲ್ಲ.”

“ಹುಂಜ ಆದ್ರೆ ಏನು ಮಾಡ್ಲಿ? ಕೊಯ್ಯೋಕೆ ಅಂತ ಒಂದು ಜೀವ ತರಲ್ಲ ನಾನು.”

“ನನ್ನ ಹೊಲಕ್ಕೇ ತಂದುಬಿಡಿ. ಇಲ್ಲಿ ಹುಂಜಗಳು ಮುದಿಯಾಗೇ ಸಾಯ್ತವೆ.”

ಆ ಮಾತನ್ನು ಎರಡು ಸಲ ಹೇಳಿಸಿದೆ.

ಭಾನುವಾರ ಬಸ್ಸಿಲ್ಲ, ನನಗೆ ಕಾರು ಓಡಿಸಲು ಬಾರದು. ಗೆರ್ವಿನ್‌ನ ಮುಖ ಬಾಡಿತು.

“ಭಾನುವಾರ ಲಿಮೋಜ್ ಪಂದ್ಯ, ಟೀಚರ್! ಆರುನೂರ ಐವತ್ತು ಕಿಲೋಮೀಟರ್. ಇಡೀ ವರ್ಷ ಕಾದಿದ್ದು ಅದೊಂದಕ್ಕೆ.”

ನಮ್ಮೂರಿನಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತು. ದೂರದ ಲಿಮೋಜ್‌ನಲ್ಲಿ ಬಿಟ್ಟ ಹಕ್ಕಿಗಳಲ್ಲಿ ಬೇಗ ಹಾರಿ ತನ್ನ ಮನೆ ಸೇರಿದ್ದಕ್ಕೆ ಗೆಲುವು. ಪಂದ್ಯದ ಮಧ್ಯಾಹ್ನ ಪಾರಿವಾಳದವರ ಮನೆಯ ಅಕ್ಕಪಕ್ಕ ಯಾರೂ ಬಟ್ಟೆ ಒಣಹಾಕುವುದಿಲ್ಲ, ನಾಯಿ ಬಿಡುವುದಿಲ್ಲ, ಬಾಗಿಲು ಬಡಿಯುವುದಿಲ್ಲ. ಸಾಕಿದವನು ಅಟ್ಟದ ಕೆಳಗೆ ಕುಳಿತು ಆಕಾಶ ನೋಡುತ್ತಾನೆ. ಹಕ್ಕಿ ಇಳಿದ ಕ್ಷಣ ಕಾಲಿನ ರಬ್ಬರ್ ಉಂಗುರ ಕಳಚಿ ಗಡಿಯಾರದ ಪೆಟ್ಟಿಗೆಗೆ ಹಾಕಬೇಕು; ಬಂದ ಹೊತ್ತು ದಾಖಲಾಗುವುದು ಆಗಲೇ. ಉಳಿದವರೆಲ್ಲ ವಿದ್ಯುತ್ ಯಂತ್ರಕ್ಕೆ ಬದಲಾದರೂ ಗೆರ್ವಿನ್ ಮತ್ತು ಇನ್ನಿಬ್ಬರು ಮುದುಕರು ಆ ಹಿತ್ತಾಳೆ ಗಡಿಯಾರವನ್ನು ಬಿಟ್ಟಿರಲಿಲ್ಲ.

“ನಿನ್ನ ಹಕ್ಕಿಗೆ ಮನೆ ಗೊತ್ತು, ಗೆರ್ವಿನ್. ನನ್ನ ಕೋಳಿಗೆ ಸುಳ್ಳು ಹೇಳಿದ್ದು ನಾವಿಬ್ಬರು.”

ಅವನು ಅಟ್ಟದಿಂದ ಬಟಾಣಿ ತುಂಬಿದ ತಗಡಿನ ಡಬ್ಬಿ ತಂದು ನನ್ನ ಕೈಗಿಟ್ಟ.

“ನೀವು ಅಟ್ಟದ ಹತ್ರ ಕೂರ್ತೀರಾ? ಹಕ್ಕಿ ಬಂದ್ರೆ ಈ ಡಬ್ಬಿ ಅಲ್ಲಾಡಿಸಿ. ಹಕ್ಕಿ ಒಳಗೆ ಹೋದ್ಮೇಲೆ ಉಂಗುರ ತೆಗೀರಿ. ನಿಮ್ಮ ಆ ಕೆಂಪು ಶಾಲು ಮಾತ್ರ ಬೇಡ. ಅದನ್ನ ಕಂಡ್ರೆ ಹಕ್ಕಿ ತಿರುಗಿ ಲಿಮೋಜ್‌ಗೇ ಹೋಗ್ತದೆ.”

ಭಾನುವಾರ, ಇಪ್ಪತ್ತಾರನೆಯ ಗೆರೆ ಎಳೆದು, ಅಟ್ಟದ ಕೆಳಗೆ ಕುಳಿತೆ. ಬೀದಿ ಚರ್ಚಿನಂತೆ ಮೌನವಾಗಿತ್ತು. ಎರಡು ಗಂಟೆಗೆ ದಕ್ಷಿಣದ ಮೋಡದಿಂದ ಒಂದು ಚುಕ್ಕೆ ಕಳಚಿಕೊಂಡು, ರೆಕ್ಕೆ ಮಡಚಿ, ಕಲ್ಲಿನಂತೆ ಬಿದ್ದಿತು. ಬಿದ್ದದ್ದು ಸೂರಂಚಿನ ತಗಡಿನ ಮೇಲೆ ಹಕ್ಕಿಯಾಗಿ ನಿಂತಿತು. ಗೆರ್ವಿನ್‌ನ ಬೂದು ಹೆಣ್ಣು ಪಾರಿವಾಳ. ಡಬ್ಬಿ ಅಲ್ಲಾಡಿಸಿದೆ. ಅದು ಕತ್ತು ಓರೆ ಮಾಡಿ ನನ್ನನ್ನು ನೋಡಿತು, ಇಳಿಯಲಿಲ್ಲ. ಬೆಟ್ಟ, ನದಿ, ಗಿಡುಗ ಎಲ್ಲವನ್ನೂ ದಾಟಿ ಬಂದದ್ದು ಈ ಒಂದು ಮನೆಗೆ. ಇಲ್ಲಿ ಅದಕ್ಕೆ ಬೇಕಾದ ಮುಖ ಇರಲಿಲ್ಲ. ನಾನು ಡಬ್ಬಿಯನ್ನು ಕೆಳಗಿಟ್ಟೆ. ಅಂಥ ಜೀವಕ್ಕೆ ಬಟಾಣಿ ತೋರಿಸಲು ನಾಚಿಕೆಯಾಯಿತು.

ಕಾರು ಬಂದು ನಿಂತಿತು. ಗೆರ್ವಿನ್ ಅಂಗಿಯ ಮೇಲೆ ಎರಡೂ ಕೈ ಒತ್ತಿಕೊಂಡು ಇಳಿದ. ಮೊಟ್ಟೆಗಳು ಉಣ್ಣೆಯ ಟೋಪಿಯಲ್ಲಿ, ಎದೆಗೆ ತಾಗಿಕೊಂಡಿದ್ದವು. ತಲೆಯೆತ್ತಿದವನಿಗೆ ಸೂರಂಚಿನ ಮೇಲಿನ ಹಕ್ಕಿ ಕಂಡಿತು.

“ಎಷ್ಟು ಹೊತ್ತಾಯ್ತು?”

“ಎಂಟು ನಿಮಿಷ.”

ಅವನೊಮ್ಮೆ ಶಿಳ್ಳೆ ಹಾಕಿದ್ದರೆ ಅದು ಇಳಿಯುತ್ತಿತ್ತೇನೋ. ತುಟಿ ಮಡಚಿದ್ದೂ ನಿಜ. ಆದರೆ ಕೋಳಿಯನ್ನು ಎತ್ತಲು ಎರಡು ಕೈ ಬೇಕು, ಮೊಟ್ಟೆ ಬದಲಿಸಲು ಇನ್ನೆರಡು. ಮೊಟ್ಟೆಗಳಾದರೋ ಕ್ಷಣ ಕ್ಷಣಕ್ಕೂ ತಣಿಯುತ್ತಿದ್ದವು. ಅವನು ತುಟಿ ಸಡಿಲಿಸಿ ನನ್ನ ಹಿತ್ತಿಲಿಗೆ ನಡೆದ.

ನಾನು ಪೆಲಾಜಿಯನ್ನು ಎತ್ತಿದೆ. ಗಾಳಿ ತುಂಬಿದ ಚೀಲದಷ್ಟು ಹಗುರ. ಅದಕ್ಕೆ ಕುಕ್ಕುವ ಶಕ್ತಿಯೂ ಇರಲಿಲ್ಲ. ಗೆರ್ವಿನ್ ಮೂರು ಸುಣ್ಣದ ಮೊಟ್ಟೆಗಳನ್ನು ಜೇಬಿಗೆ ಹಾಕಿ, ಕಂದು ಮೊಟ್ಟೆಗಳೆರಡನ್ನು ಇಟ್ಟ. ಅವುಗಳ ಮೇಲೆ ಅದನ್ನು ಮೆಲ್ಲನೆ ಕೂರಿಸಿದೆ.

“ಸುಳ್ಳಿಗೆ ಇನ್ನೊಂದು ಸುಳ್ಳು,” ಎಂದೆ. “ಇವೂ ಅದರ ಮೊಟ್ಟೆಗಳಲ್ಲವಲ್ಲ.”

“ಶ್... ಕೇಳಿ, ಟೀಚರ್.”

ಮೊಟ್ಟೆಯೊಳಗಿಂದ ಸಣ್ಣ, ಹರಿತವಾದ ಒಂದು ಧ್ವನಿ ಬಂದಿತು. ಪೆಲಾಜಿಯ ಇಡೀ ಮೈ ನಿಶ್ಚಲವಾಯಿತು. ಆಮೇಲೆ ಅದರ ಗಂಟಲಿನಿಂದ, ನಾನು ಎಂದೂ ಕೇಳದ ತಗ್ಗಿದ ಸ್ವರವೊಂದು ಹೊರಟಿತು. ಚಿಪ್ಪಿನೊಳಗಿನದು ಉತ್ತರ ಕೊಟ್ಟಿತು. ಮತ್ತೆ ಇದು, ಮತ್ತೆ ಅದು. ಒಬ್ಬರನ್ನೊಬ್ಬರು ಕಂಡಿಲ್ಲ, ನಡುವೆ ಒಂದು ಗೋಡೆ ಇದೆ, ಆದರೂ ಪ್ರಶ್ನೆಯೂ ಉತ್ತರವೂ ತಪ್ಪಿಲ್ಲ. ಯಾರ ಮೊಟ್ಟೆ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ನಾನು ಹುಲ್ಲಿನ ಮೇಲೆ ಮಂಡಿಯೂರಿದೆ. ಗೆರ್ವಿನ್ ಬರಿದಲೆಯಲ್ಲಿ ನಿಂತಿದ್ದ.

ಎಷ್ಟೋ ಹೊತ್ತಿನ ಮೇಲೆ ಅವನು ಬೇಲಿ ದಾಟಿ ಹೋಗಿ ಶಿಳ್ಳೆ ಹಾಕಿದ್ದು ಕೇಳಿಸಿತು. ಆ ದಿನ ಬೂದು ಹಕ್ಕಿಗೆ ಬಹುಮಾನವಿರಲಿಲ್ಲ.

ಮರುದಿನ ಬೆಳಿಗ್ಗೆ ಒಂದು ಮೊಟ್ಟೆ ಮಾತ್ರ ಬಿರಿಯಿತು. ಇನ್ನೊಂದು ತಣ್ಣಗಾಗಿತ್ತು, ದಾರಿಯಲ್ಲಿಯೋ, ಅದಕ್ಕೂ ಮೊದಲೋ ತಿಳಿಯದು. ಅದನ್ನು ಗುಲಾಬಿಯ ಬುಡದಲ್ಲಿ ಹೂತೆ. ಒದ್ದೆಯಾದ ಪುಟ್ಟ ಹಳದಿ ತಲೆ ಪೆಲಾಜಿಯ ರೆಕ್ಕೆಯ ಸಂದಿನಿಂದ ಇಣುಕಿತು. ಗೆರ್ವಿನ್‌ನೂ ನಾನೂ ನೋಡುತ್ತಿದ್ದೆವು: ತಾಯಿ ಎದ್ದೀತೇ?

ಮೂರನೆಯ ದಿನ ಅದು ಎದ್ದಿತು. ನಡುಗುವ ಕಾಲಿನಲ್ಲಿ ಹೊರಬಂದು, ನಾನು ಚೆಲ್ಲಿದ್ದ ರೊಟ್ಟಿಯ ಪುಡಿಯನ್ನು ಕೊಕ್ಕಿನಲ್ಲಿ ಎತ್ತಿ, ಮರಿಯ ಮುಂದೆ ಬೀಳಿಸಿತು. ಮತ್ತೆ ಎತ್ತಿತು, ಮತ್ತೆ ಬೀಳಿಸಿತು. ಹಸಿದು ಸಾಯುತ್ತಿದ್ದ ಜೀವ ಒಂದು ಕಾಳನ್ನೂ ತನಗೆಂದು ನುಂಗಲಿಲ್ಲ.

“ಅದೂ ತಿನ್ನಲಿ ದೇವರೇ,” ಎಂದ ಗೆರ್ವಿನ್.

ಮರಿ ತಡವರಿಸಿ ಒಂದು ಚೂರನ್ನು ಕುಕ್ಕಿತು. ಪೆಲಾಜಿ ಅದನ್ನು ನೋಡುತ್ತ ನಿಂತಿತು. ಆಮೇಲೆ ನೀರಿನ ಬೋಗುಣಿಯ ಬಳಿ ಹೋಗಿ, ಕೊಕ್ಕು ಅದ್ದಿ, ತಲೆಯೆತ್ತಿ, ಕುಡಿಯಿತು, ಮತ್ತೆ ಬಗ್ಗಿತು.