ಕಲ್ಲು ಹತ್ತಿದ ಕಾರು

ಬೀದರಿನ ಮನ್ಮಥಪ್ಪ ಆ ಬೆಳಿಗ್ಗೆ ಕಾರು ಓಡಿಸುತ್ತಿದ್ದದ್ದು ಕೈಯಿಂದ ಮಾತ್ರ. ಮನಸ್ಸು ಔರಾದಿನಲ್ಲಿತ್ತು. ಅಲ್ಲಿ ಗಂಡನ ಮನೆಯಲ್ಲಿದ್ದಾಗಲೇ ಮಗಳು ಕಾಜಲ ದಿನ ತುಂಬುವ ಮುಂಚೆ ಹೆತ್ತಿದ್ದಳು. ಇವತ್ತು ಬಾಣಂತಿಯನ್ನೂ ಕೂಸನ್ನೂ ತವರಿಗೆ ಕರೆತರಬೇಕು. ಊರ ಮೇಲೆಲ್ಲ ತೆಳ್ಳಗೆ ಮಂಜು. ಹಿಂದಿನ ಸೀಟಿನಲ್ಲಿ ಆಗಷ್ಟೇ ಕೊಂಡ ತೊಟ್ಟಿಲು. ಕೂಸು ಅದರಲ್ಲಿ ಮಲಗಿ ತನ್ನ ಬೆರಳು ಹಿಡಿದ ಹಾಗೆ ಅವನಿಗೆ ಕಾಣುತ್ತಿತ್ತು. ಆ ಸುಖದಲ್ಲಿ ಓಣಿಯ ತಿರುವು ಬಂದದ್ದೇ ತಿಳಿಯಲಿಲ್ಲ. ಕಾರು ಫುಟ್‌ಪಾತಿನ ಕಲ್ಲು ಹತ್ತಿ ಧಡ್ಡನೆ ಇಳಿಯಿತು. ಕೆಳಗೆ ಏನೋ ಗೀರಿದ ಸದ್ದು.

ಹೇಗೋ ಮನೆ ಮುಟ್ಟಿ ನಡೆದದ್ದು ಹೇಳಿದ. ಹೆಂಡತಿ ಜನಾಬಾಯಿ, "ಗಾಡಿಗಿ ದೃಷ್ಟಿ ಆಗ್ಯಾದ" ಎಂದು ತೆಂಗಿನಕಾಯಿ ನಿವಾಳಿಸಿ ಮುಂದಿನ ಗಾಲಿಯ ಹತ್ತಿರ ಒಡೆದಳು. ನೀರು ಕಾರಿನ ಕೆಳಗೆ ಹರಿಯಿತು. ಮನ್ಮಥಪ್ಪನ ಎದೆ ಹಗುರಾಯಿತು.

ಎದುರು ಮನೆಯ ಅತಿಯಾ ಬಂದಳು. ಹೆಣ್ಣುಮಕ್ಕಳಿಗೆ ಕಾರು ಓಡಿಸಲು ಕಲಿಸುವವಳು.

"ಕಾಕಾ, ಗಾಡಿ ಕೆಳಗ ಏನೋ ಸೋರ್ಲಾಕತ್ತದ್ರಿ."

"ಕಾಯಿ ನೀರು ಅದು, ಬೇಟಾ. ಈಗೇ ಒಡದೇವಿ."

"ಕಾಯಿ ನೀರು ಒಮ್ಮೆ ಹರದು ನಿಲ್ತದ್ರಿ. ಇದು ಹನಿ ಹನಿ ಬೀಳ್ಲಾಕತ್ತದ."

ಮನ್ಮಥಪ್ಪನಿಗೆ ರೇಗಿತು. "ಗಾಡಿ ಚಾಲೂ ಆಗ್ತದ, ನಡೀತದ. ಮತ್ತೇನ್ ಬೇಕು? ಅಲ್ಲಿ ಕೂಸು ದಾರಿ ಕಾಯ್ಲಾಕತ್ತದ."

ಜನಾಬಾಯಿ ಕರ್ಪೂರ ಹಚ್ಚಲು ಕಡ್ಡಿಪೆಟ್ಟಿಗೆ ತೆಗೆದಳು. ಅತಿಯಾ ಅವಳ ಕೈ ಹಿಡಿದಳು. "ಬ್ಯಾಡ್ರಿ ಕಾಕಿ. ಪೆಟ್ರೋಲ್ ಸೋರ್ತಿದ್ರ ಒಂದು ಕಿಡಿ ಸಾಕು. ಮೊದಲ ವಾಸನಿ ನೋಡಮಿ."

ಪೆಟ್ರೋಲ್ ವಾಸನೆ ಇರಲಿಲ್ಲ. ಎಂಜಿನ್ ಹಚ್ಚದೆ ಕಾರನ್ನು ಒಣಗಿದ ಸಮ ನೆಲಕ್ಕೆ ನೂಕಿ ಹ್ಯಾಂಡ್‌ಬ್ರೇಕ್ ಹಾಕಿದರು. ಅತಿಯಾ ಹಳೆಯ ಪೇಪರ್ ಕೆಳಗೆ ಸರಿಸಿದಳು. ಮನ್ಮಥಪ್ಪ ಕಾರಿನಡಿ ತೂರಲು ಹೊರಟ.

"ಒಳಗ ಹೋಗಬ್ಯಾಡ್ರಿ ಕಾಕಾ. ಜಾಕ್ ಮ್ಯಾಲ ನಿಂತ ಗಾಡಿ ಕೆಳಗಂತೂ ಎಂದೂ ಬ್ಯಾಡ. ಬಾಜೂಕ ಕುಂತು ಮೊಬೈಲ್ ಬೆಳಕು ಬಿಡ್ರಿ."

ಟೈರಿನ ಬದಿ ಉಬ್ಬಿರಲಿಲ್ಲ, ಯಾವ ತಗಡೂ ಜೋತಿರಲಿಲ್ಲ. ಚಹಾ ಕುಡಿಯುತ್ತ ಕಾದರು. ಮಂಜು ಮೆಲ್ಲಗೆ ಕರಗಿ, ಬಿಸಿಲು ಅಂಗಳಕ್ಕೆ ಇಳಿಯಿತು. ಪೇಪರಿನ ಮೇಲೆ ಕಂದು ಕಲೆಗಳು ಅಗಲವಾಗುತ್ತಿದ್ದವು. ಮನ್ಮಥಪ್ಪ ಬೆರಳಲ್ಲಿ ಉಜ್ಜಿ ನೋಡಿದ. ಜಾರುತ್ತಿತ್ತು.

"ಎಂಜಿನ್ ಆಯಿಲ್ ರಿ ಇದು. ಆಯಿಲ್ ನಿಲ್ಲೋ ಕೆಳಗಿನ ಚೇಂಬರ್ ಒಡದಿರಬೇಕು," ಎಂದಳು ಅತಿಯಾ. "ಏಸಿ ನೀರಾದ್ರ ಬರೇ ನೀರು, ಅಂಜಬ್ಯಾಡ್ರಿ. ಹಸಿರು ಇಲ್ಲಾ ಗುಲಾಬಿ ನೀರು ಬಿದ್ರ ರೇಡಿಯೇಟರದ್ದು. ಬ್ರೇಕ್ ಮೆತ್ತಗಾಗಿ ಕೆಳಗ ಹೋದ್ರ ಬ್ರೇಕ್ ಆಯಿಲ್ ಹೋಗ್ಲಾಕತ್ತದ ಅಂತ. ಹಂಗಿದ್ದಾಗ ಗಾಡಿ ಚಾಲೂ ಮಾಡಲೇಬಾರದು."

"ನಿಧಾನಕ್ಕ ಹೋದ್ರ?"

"ನಡುದಾರ್ಯಾಗ ಆಯಿಲ್ ಮುಗದು ಎಂಜಿನ್ ಜಾಮ್ ಆಗ್ತದ. ಕೂಸಿನ ಕರ್ಕೊಂಡು ಎಲ್ಲಿ ನಿಲ್ತೀರಿ?"

ಮನ್ಮಥಪ್ಪ ಕಾರಿನ ಕೀಲಿಯನ್ನು ಹೆಂಡತಿಯ ಕೈಗಿಟ್ಟ. ಭಾಲ್ಕಿ ರಸ್ತೆಯ ಮೆಕ್ಯಾನಿಕ್ ಯಾಕೂಬನಿಗೆ ಫೋನು ಹೋಯಿತು. ಅವನು ಕಾರನ್ನು ಎತ್ತಿಸಿಕೊಂಡು ಹೋದ ಮೇಲೆ ಅತಿಯಾಳ ಕಾರಿನಲ್ಲೇ ಔರಾದಿಗೆ ಹೊರಟರು.

ಮರಳಿ ಬರುವಾಗ ಮಧ್ಯಾಹ್ನ. ದಾರಿಯ ಎರಡೂ ಕಡೆ ತೊಗರಿ ಹೊಲ ಬಿಸಿಲಲ್ಲಿ ತೂಕಡಿಸುತ್ತಿತ್ತು. ಕಣ್ಣು ಹಾಯುವವರೆಗೆ ಒಂದು ಮನೆಯಿಲ್ಲ, ನೆರಳಿಗೆ ಒಂದು ಮರವಿಲ್ಲ. ಕಾಜಲಳ ಪಕ್ಕದಲ್ಲಿ ಕೂತ ಜನಾಬಾಯಿಯ ಮಡಿಲಲ್ಲಿ ಕೂಸು ನಿದ್ದೆಯಲ್ಲೇ ತುಟಿ ಚೀಪುತ್ತಿತ್ತು.

"ನಮ್ಮ ಗಾಡಿ ಇಲ್ಲೇ ಎಲ್ಲರೆ ನಿಲ್ತಿತ್ತು," ಎಂದ ಮನ್ಮಥಪ್ಪ. ಹೇಳುತ್ತಲೇ ಕೂಸಿನ ಕಡೆ ತಿರುಗಿದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಗಾಡಿ ಕಲ್ಲು ಹತ್ತಿದರೆ ಕಾಯಿ ಬೇಕಾದರೆ ಒಡೆಯಿರಿ, ಆದರೆ ಗಾಡಿಯಿಂದ ದೂರ ಒಡೆಯಿರಿ. ಎಂಜಿನ್ ಆರಿಸಿ, ಪೇಪರ್ ಹಾಸಿ, ಸ್ವಲ್ಪ ಕಾಯಿರಿ. ಏನೂ ಸೋರದಿದ್ದರೂ, ಓಡಿಸುವಾಗ ಸ್ಟೀರಿಂಗ್ ಒಂದು ಕಡೆ ಎಳೆದರೆ, ಹೊಸ ಸದ್ದು ಕೇಳಿದರೆ, ಮೀಟರಿನಲ್ಲಿ ಕೆಂಪು ದೀಪ ಹತ್ತಿದರೆ ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಯಿರಿ. ನಿಮ್ಮ ಕೂಸು ತಡವಾಗಿ ಬಂದರೂ ಸರಿ, ಮನೆಗೆ ಬರಲಿ.